ಆರುನೂರ ಹನ್ನೆರಡನೇ ಡಬ್ಬಿ

ಗಂಟಲ ಮೇಲೆ ಮೊಣಕೈ. ಬೆನ್ನಿಗೆ ಗೋಡೆ. ಅಂಗಿಯೊಳಗೆ, ಎದೆಗೆ ಒತ್ತಿಕೊಂಡು, ಅಂಗೈಯಗಲದ ಒಂದು ಡಬ್ಬಿ...

ಡಬ್ಬಿಯೊಳಗೆ ಗಾಜಿನ ಸ್ಲೈಡುಗಳಿದ್ದವು. ಅವನು ಮೈಭಾರ ಹಾಕಿ ಇನ್ನೊಂದು ಚೂರು ಒತ್ತಿದ್ದರೆ ನನ್ನ ಪಕ್ಕೆಲುಬು ಮುರಿಯುತ್ತಿತ್ತು. ಮುರಿಯಲಿ. ಗಾಜು ಮುರಿಯಬಾರದು.

ಒತ್ತುತ್ತಿದ್ದವನು ಆಸ್ಪತ್ರೆಯ ಸೆಕ್ಯುರಿಟಿ. ಆಳು ಕಂಬದ ಹಾಗಿದ್ದ. ಕಂಬ ಅಂತಲೇ ಕರೆಯೋಣ.

"ಡಬ್ಬಿ ಕೊಡಿ."

"ಮೊದಲು ಕೈ ತೆಗಿ."

"ಮೊದಲು ಡಬ್ಬಿ."

ನಾನು ಮೊಣಕಾಲು ಎತ್ತಿದೆ. ಎಲ್ಲಿಗೆ ಅಂತ ಕೇಳಬೇಡಿ. ಕಂಬ ಬಾಗಿತು.

ನಾನು ಓಡಿದೆ.

ಯಾಕೆ ಓಡಿದೆ ಅಂತ ಹೇಳಬೇಕಲ್ಲ, ಕೇಳಿ. ಮನುಷ್ಯರನ್ನು ಪತ್ತೆ ಹಚ್ಚುವುದು ನನ್ನ ಕಸುಬು. ಮನೆ ಬಿಟ್ಟ ಗಂಡ, ಕೈ ಕೊಟ್ಟ ಪಾಲುದಾರ, ಸುಳ್ಳು ಸರ್ಟಿಫಿಕೇಟಿನ ಮದುಮಗ. ಇಪ್ಪತ್ತೈದು ವರ್ಷದಲ್ಲಿ ಕಲಿತದ್ದು ಒಂದೇ. ಕೇಳಿದರೆ ಯಾರೂ ಏನೂ ಕೊಡುವುದಿಲ್ಲ. ನಾವೇ ತೆಗೆದುಕೊಳ್ಳಬೇಕು.

ನನಗಿರುವುದು ಒಬ್ಬಳೇ ಅಕ್ಕ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವಳು. ನನ್ನನ್ನು ಸಾಕಿದವಳೂ ಅವಳೇ. ಸೋಮವಾರ ರಿಪೋರ್ಟ್ ಬಂತು. ಎದೆಯ ಗಂಟು ಕ್ಯಾನ್ಸರ್.

ಈ ಆಸ್ಪತ್ರೆ ಮನೆಗೆ ಹತ್ತಿರ. ನೆಲ ಕನ್ನಡಿಯ ಹಾಗೆ ಹೊಳೆಯುತ್ತದೆ. ಆಸ್ಪತ್ರೆಯ ಕಡೆಯವನು, ಟೈ ಕಟ್ಟಿದ ಒಬ್ಬ ಮನುಷ್ಯ, ಮಂಗಳವಾರದಿಂದ ನಮ್ಮ ಬೆನ್ನು ಹತ್ತಿದ್ದ. ಶುಕ್ರವಾರ ಬೆಳಗ್ಗೆ ಆಪರೇಷನ್ ಥಿಯೇಟರ್ ಖಾಲಿ ಇದೆಯಂತೆ. ಗುರುವಾರ ಸಂಜೆ ಐದರೊಳಗೆ ಅಡ್ಮಿಟ್ ಆಗಬೇಕಂತೆ. ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ ಹೇಳಲಾಗದಂತೆ.

ಅವಸರ ಮಾಡುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎರಡು ದಿನ ಇಲ್ಲಿನ ಸರ್ಜನ್ ಹಿಂದೆ ಬಿದ್ದೆ. ಆತ ಷಟಲ್ ಆಡಲು ಹೋದ, ಮಗಳನ್ನು ಶಾಲೆಗೆ ಬಿಟ್ಟ, ಟೊಮೇಟೊ ಕೊಂಡ. ಏನೂ ಸಿಗಲಿಲ್ಲ. ಕೊನೆಗೆ ಪರಿಚಯದ ಕಾಂಪೌಂಡರ್ ಒಬ್ಬ ಹೇಳಿದ. ಗಂಟಿನ ಚೂರು ಇರುವ ಸ್ಲೈಡನ್ನು ಬೇರೆ ದೊಡ್ಡ ಡಾಕ್ಟರಿಗೆ ತೋರಿಸು, ಎರಡನೇ ಕಣ್ಣಿಗೆ ಬೇರೆ ಏನಾದರೂ ಕಂಡೀತು.

ಸ್ಲೈಡು ಈ ಆಸ್ಪತ್ರೆಯ ಲ್ಯಾಬಿನಲ್ಲಿತ್ತು. ಗುರುವಾರ ಮಧ್ಯಾಹ್ನವೂ ಆಗಿತ್ತು. ಕ್ಯಾಂಟೀನಿನ ಮೊಳೆಗೆ ಯಾರೋ ತಗುಲಿಹಾಕಿದ್ದ ಬಿಳಿ ಕೋಟು ಹಾಕಿಕೊಂಡು ಒಳಗೆ ಹೋದೆ. ಲ್ಯಾಬಿನವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದ. ಅಕ್ಕನ ರಿಪೋರ್ಟಿನ ನಂಬರ್ 612. ಕಪಾಟಿನಲ್ಲಿ 612 ಅಂತ ಇದ್ದದ್ದು ಒಂದೇ ಡಬ್ಬಿ. ಎತ್ತಿದೆ. ಬಾಗಿಲಲ್ಲಿ ಅವನು ತಲೆ ಎತ್ತಿ ಯಾವ ವಿಭಾಗ ಅಂತ ಕೇಳಿದ. ಹೊಟ್ಟೆ ಅಂದೆ.

ಕೋಟಿನ ಮೇಲೆ 'ಹೆರಿಗೆ' ಅಂತ ಬರೆದಿತ್ತು.

ಆಮೇಲಿನದು ನಿಮಗೆ ಗೊತ್ತು. ಕಂಬ, ಮೊಣಕೈ, ಮೊಣಕಾಲು. ಮೂರು ಮಹಡಿ ಇಳಿಜಾರಿನಲ್ಲಿ ಓಡಿದೆ. ಕೊಳೆ ಹೊದಿಕೆಗಳ ಗಾಡಿ ಅಡ್ಡ ಬಂತು. ಅದನ್ನೇ ಕಂಬನ ಕಡೆ ತಳ್ಳಿದೆ. ಗಾಡಿ ಮಗುಚಿತು. ಅವನೂ ಮಗುಚಿದ. ಮುಂದೆ ದೊಡ್ಡ ಹಾಲ್, ಗಾಜಿನ ಬಾಗಿಲು, ಬೀದಿ... ಹತ್ತು ಹೆಜ್ಜೆ!

ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ತೊಡೆಯ ಮೇಲೆ ಕೈಚೀಲ.

"ಡಾಕ್ಟರ್ ಯಾವಾಗ ಆದ್ಯೋ?"

"ಅಕ್ಕ, ಏಳು. ನಡಿ. ಆಮೇಲೆ ಹೇಳ್ತೀನಿ."

"ಕೂತ್ಕೋ."

ಚಾಕು ತೋರಿಸಿದವರೂ ನನ್ನನ್ನು ಕೂರಿಸಿದ್ದಿಲ್ಲ. ಕೂತೆ.

ಕಂಬ ಕುಂಟುತ್ತ ಬಂದ. ಹಿಂದೆಯೇ ಲ್ಯಾಬಿನವನು. ಡಬ್ಬಿ ಕಿತ್ತುಕೊಂಡು, ಬೆಳಕಿಗೆ ಹಿಡಿದು, ಒಂದು ಸ್ಲೈಡೂ ಒಡೆದಿಲ್ಲ ಅಂತ ನಿಟ್ಟುಸಿರುಬಿಟ್ಟ. ಆಮೇಲೆ ವಿವರಿಸಿದ. ಅವರಲ್ಲಿ ನಂಬರ್ ಪ್ರತಿ ವರ್ಷ ಒಂದರಿಂದ ಶುರು. ಇದು ಹೋದ ವರ್ಷದ 612. ಯಾರೋ ಗಂಡಸಿನ ಜಠರ.

"ಮತ್ತೆ ಈ ವರ್ಷದ್ದು?" ಅಂದೆ.

ಅಕ್ಕ ಕೈಚೀಲದ ಜಿಪ್ ಎಳೆದಳು. ಅಂಥದೇ ಡಬ್ಬಿ.

"ಬೆಳಗ್ಗೆ ಹತ್ತಕ್ಕೆ ಅರ್ಜಿ ಬರ್ದೆ. ಹತ್ತೂಕಾಲಿಗೆ ಕೊಟ್ರು. ಟೈ ಕಟ್ಟಿದವನಿಗೆ ಉತ್ತರ ಹೇಳಿ ಹೋಗೋಣ ಅಂತ ಕೂತಿದ್ದೆ."

ನಾನು ಸರ್ಜನ್ನಿನ ಟೊಮೇಟೊ ಎಣಿಸುತ್ತಿದ್ದ ಎರಡು ದಿನದಲ್ಲಿ ಅವಳು ಬಸ್ಸಿನಲ್ಲಿ ಇನ್ನೆರಡು ಆಸ್ಪತ್ರೆ ಸುತ್ತಿ ಬಂದಿದ್ದಳು. ಮೂರು ಕಡೆಯೂ ಕೇಳಿದ್ದು ಅದೇ ಪ್ರಶ್ನೆಗಳು. ತಿಂಗಳಿಗೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ಏನು ಮಾಡಬೇಕೆಂದು ತೀರ್ಮಾನಿಸುವವರು ಒಬ್ಬರೋ, ನಾಲ್ಕು ಜನ ಕೂತೋ? ನಡುರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ?

ಅಷ್ಟರಲ್ಲಿ ಟೈ ಕಟ್ಟಿದವನು ಅಡ್ಮಿಷನ್ ಫಾರಂ ಹಿಡಿದು ಬಂದ. ಎಷ್ಟು ಮಾಡುತ್ತೀರಿ ಅಂತ ಅಕ್ಕ ಅವನನ್ನು ಮತ್ತೊಮ್ಮೆ ಕೇಳಿದಳು.

"ನಮ್ಮಲ್ಲಿ ಎಲ್ಲಾ ಥರದ್ದೂ ಮಾಡ್ತೀವಿ ಮೇಡಂ."

"ನನ್ನ ಕಿಟಕಿಗೆ ಬಂದು ಇಂಥ ಊರಿಗೆ ಬಸ್ ಎಷ್ಟು ಗಂಟೆಗೆ ಅಂತ ಕೇಳ್ದೋರಿಗೆ, ನಮ್ಮಲ್ಲಿ ಎಲ್ಲಾ ಬಸ್ಸೂ ಇದೆ ಅಂದಿದ್ರೆ ನನ್ನ ಕೆಲಸ ಹೋಗ್ತಿತ್ತು," ಅಂದಳು ಅಕ್ಕ. ಫಾರಂ ಅವನ ಕೈಯಲ್ಲೇ ಉಳಿಯಿತು.

ಅವಳು ಆರಿಸಿದ್ದು ಊರಾಚೆಯ ಹಳೇ ಆಸ್ಪತ್ರೆ. ಗೋಡೆಯ ಬಣ್ಣ ಎದ್ದಿದೆ. ಎರಡು ಬಸ್ ಬದಲಿಸಬೇಕು. ಕ್ಯೂ ಬಾಗಿಲಾಚೆಗೂ ಇರುತ್ತದೆ. ಆದರೆ ಅಲ್ಲಿ ಕೊಯ್ಯುವವರು, ಔಷಧಿ ಕೊಡುವವರು, ಕಿರಣ ಕೊಡುವವರು ವಾರಕ್ಕೊಮ್ಮೆ ಒಂದೇ ಮೇಜಿಗೆ ಕೂತು ಪ್ರತಿ ರೋಗಿಯ ಫೈಲ್ ನೋಡುತ್ತಾರೆ. ಸ್ಲೈಡನ್ನು ತಾವೇ ಮತ್ತೆ ಓದುತ್ತಾರೆ. ಅದಕ್ಕೆ ಒಂದು ವಾರ ಬೇಕು, ನಿಮ್ಮ ಗಂಟಿಗೆ ಆ ವಾರ ಕಾದರೆ ತೊಂದರೆಯಿಲ್ಲ ಅಂತ ಅವಳ ಮುಖ ನೋಡಿ ಹೇಳಿದ್ದರಂತೆ.

ನಾನು ರೇಗಿದೆ. ಅಂಥ ಸಂತೆಯಲ್ಲಿ ಯಾರು ನಿನ್ನನ್ನು ನೋಡುತ್ತಾರೆ ಅಂದೆ. ಎರಡು ದಿನ ನಾನು ಯಾರಿಗಾಗಿ ಅಲೆದೆ ಅಂದೆ.

ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಒಳಗಿನ ಗಾಜು ಸಣ್ಣಗೆ ಸದ್ದು ಮಾಡುತ್ತಿತ್ತು.

"ನಂಗೂ ಭಯ ಇದೆ ಕಣೋ. ಅದಕ್ಕೇ ಹೋಗಿ ಎಲ್ಲರನ್ನೂ ಕೇಳ್ಕೊಂಡು ಬಂದೆ. ನೀನು ಊರೆಲ್ಲ ವಿಚಾರಿಸ್ದೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ.

ಅಕ್ಕ ನನ್ನಿಂದ ಕಂಬನ ಕ್ಷಮೆ ಕೇಳಿಸಿದಳು. ಕೋಟು ಮಡಚಿ ವಾಪಸ್ ಕೊಡಿಸಿದಳು. ಅವನು ಪೊಲೀಸರನ್ನು ಕರೆಯಲಿಲ್ಲ. ಅಕ್ಕನನ್ನು ನೋಡಿ ಪಾಪ ಅನ್ನಿಸಿರಬೇಕು. ನನ್ನನ್ನು ನೋಡಿಯೂ ಇರಬಹುದು.

ಒಂದು ವಾರದ ಮೇಲೆ ಆ ಮೇಜಿನವರು ತೀರ್ಮಾನ ಹೇಳಿದರು. ಸ್ಲೈಡ್ ಮತ್ತೆ ಓದಿದ್ದಾರೆ. ಮೊದಲು ಔಷಧಿ ಕೊಟ್ಟು ಗಂಟು ಕುಗ್ಗಿಸುವುದು, ಆಮೇಲೆ ಆಪರೇಷನ್. ಗುಣವಾಗುತ್ತದಾ ಅಂತ ನಾನು ಮೇಜು ಗುದ್ದಿ ಕೇಳಬೇಕೆಂದಿದ್ದೆ. ಅಕ್ಕ ಮೆಲ್ಲಗೆ ಕೇಳಿದಳು. ಅವರು ಧೈರ್ಯ ಕೊಟ್ಟರು, ಭಾಷೆ ಕೊಡಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

ಹೊರಗೆ ಬಂದು ಫೈಲನ್ನು ನನ್ನ ಕೈಗಿಟ್ಟು ಬಸ್ಸಿನ ಕಡೆ ನಡೆದಳು.

ಇಪ್ಪತ್ತೈದು ವರ್ಷ ಜನರನ್ನು ಹಿಂಬಾಲಿಸಿದ್ದೇನೆ... ಅವರಿಗೆ ಗೊತ್ತಿರುವಂತೆಯೇ ಹಿಂಬಾಲಿಸಿದ್ದು ಅದೇ ಮೊದಲು.