ಟೂ ಪಿ ಬಳಿ ನಿಂತ ಮಾತು

"ತಪ್ಪು."

ಬಾಗಿಲಲ್ಲಿ ನಿಂತವನು ಅಷ್ಟೇ ಹೇಳಿದ್ದು. ಟ್ಯೂಷನ್ ಸೆಂಟರಿಗೆ ಹೊಸದಾಗಿ ಸೇರಿದ್ದ ಕೆಮಿಸ್ಟ್ರಿ ಮಿಸ್ ಚಾಕ್‌ಪೀಸ್ ಹಿಡಿದೇ ತಿರುಗಿದಳು. ಪಕ್ಕದ ಕ್ಲಾಸಿನ ಸೀನಿಯರ್ ಮೇಷ್ಟ್ರು ಅವನು. ನೇರ ಒಳಗೆ ಬಂದು, ಡಸ್ಟರ್ ಎತ್ತಿಕೊಂಡು, ಅವಳು ಬರೆದದ್ದನ್ನು ಒರೆಸಿಬಿಟ್ಟ.

ಕ್ರೋಮಿಯಂ. ಇಪ್ಪತ್ನಾಲ್ಕು ಎಲೆಕ್ಟ್ರಾನ್. ಅವಳು ಎಲೆಕ್ಟ್ರಾನಿಗೊಂದು ಬಾಣದಂತೆ ಫೋರ್ ಎಸ್‌ನಲ್ಲಿ ಎರಡು ತುಂಬಿಸಿ, ಉಳಿದ ನಾಲ್ಕನ್ನು ತ್ರೀ ಡಿಗೆ ಹಾಕಿದ್ದಳು. ಅವನು ಫೋರ್ ಎಸ್‌ಗೆ ಒಂದೇ ಬಾಣ ಬಿಟ್ಟು, ತ್ರೀ ಡಿಯ ಐದು ಮನೆಗೂ ಒಂದೊಂದು ಬರೆದ. ಯಾಕೆ ಎಂದು ಹೇಳಲಿಲ್ಲ. ಡಸ್ಟರನ್ನು ಅವಳ ಕೈಗೆ ತುರುಕಿ ಹೊರಟುಹೋದ.

ಕ್ಲಾಸು ಗೊಳ್ಳೆಂದು ನಕ್ಕಿತು. ಅಂದಿನಿಂದ ಅವಳು 'ನಾಲ್ಕು ಬಾಣದ ಮಿಸ್'.

ಸ್ಟಾಫ್ ರೂಮಿನಲ್ಲಿ ಅವಳು ಕೇಳಿಯೇಬಿಟ್ಟಳು. "ಹೊರಗೆ ಕರೆದು ಹೇಳಬಹುದಿತ್ತಲ್ವಾ ಸರ್?"

ಅವನ ತುಟಿ ಅಲುಗಿತು. ಮಾತು ಬರಲಿಲ್ಲ. ಎದ್ದು ಹೋದ.

"ಎಷ್ಟು ಕೊಬ್ಬು ಈ ಮನುಷ್ಯನಿಗೆ..." ಎಂದು ಗೊಣಗಿದಳು.

"ಕೊಬ್ಬಲ್ಲ ಮಿಸ್," ಎಂದಳು ಲ್ಯಾಬ್ ನೋಡಿಕೊಳ್ಳುವ ಅಕ್ಕ. "ಅವರಿಗೆ ಮಾತು ತೊದಲುತ್ತೆ. ಹುಡುಗರ ಜೊತೆ ರಾಗವಾಗಿ ಹೇಳ್ಕೊಂಡು ಹೋದ್ರೆ ಮಾತ್ರ ತಡೆಯಲ್ಲ. ಯಾರಿಗೂ ಹೇಳ್ಬೇಡಿ."

ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಈಗ ನೀನು ಸಿಕ್ಕಿಬಿದ್ದೆ ಮಹಾರಾಯ ಎಂದುಕೊಂಡಳು.

ಪೋಷಕರ ಸಭೆಯ ದಿನ ಬಂತು. ಎಲೆಕ್ಟ್ರಾನ್‌ಗಳು ಯಾವ ಉಪಕವಚವನ್ನು ಮೊದಲು ತುಂಬುತ್ತವೆ ಎಂದು ಮೇಷ್ಟ್ರು ವಿವರಿಸಬೇಕೆಂದು ಪ್ರಿನ್ಸಿಪಾಲರು ಪಟ್ಟು ಹಿಡಿದರು. ಜೊತೆಗೆ ರಾಗ ಹೇಳಲು ಹುಡುಗರಿರಲಿಲ್ಲ.

"ಒನ್ ಎಸ್... ಟೂ ಎಸ್... ಟೂ ಪ... ಪ... ಪ..."

ಸಭೆ ಮುಜುಗರದಿಂದ ನೆಲ ನೋಡಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳು ಗಟ್ಟಿಯಾಗಿ, ಅವನದೇ ದನಿಯಲ್ಲಿ ಅಣಕಿಸಿದಳು. "ಪ... ಪ... ಪಾಪ, ಎಲೆಕ್ಟ್ರಾನು ಹತ್ತೋಕೆ ಕಾಯ್ತಾ ನಿಂತಿದೆ ಸರ್."

ನೆಲ ನೋಡುತ್ತಿದ್ದವರಿಗೆಲ್ಲ ನಗಲು ಅಪ್ಪಣೆ ಸಿಕ್ಕಂತಾಯಿತು. ಅವನು ಚಾಕ್‌ಪೀಸ್ ಕೆಳಗಿಟ್ಟು ಇಳಿದು ಹೋದ.

ಮತ್ತೆ ಕ್ಲಾಸಿಗೆ ಬರಲೇ ಇಲ್ಲ. ಹಿಂದಿನ ಗೋದಾಮಿನಂಥ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಕೇಳಿ ಪಡೆದ. ಅವನ ಕ್ಲಾಸು ಅವಳಿಗೆ ಸಿಕ್ಕಿತು. ಆ ದಿನ ಅವಳು ಹೊಸ ಸೀರೆ ಉಟ್ಟುಕೊಂಡು ಬಂದಳು.

"ಕ್ರಮ ಹೇಳಿ ನೋಡೋಣ," ಎಂದಳು.

ಹುಡುಗರು ಅವನು ಕಲಿಸಿದ ರಾಗದಲ್ಲೇ ಶುರುಮಾಡಿದರು. ಒನ್ ಎಸ್, ಟೂ ಎಸ್, ಟೂ... "ಪ ಪ ಪ ಪ..." ಇಡೀ ಕ್ಲಾಸು ಒಟ್ಟಿಗೆ. ಆಮೇಲೆ ಅವಳೂ ನಗಲಿ ಎಂದು ಅವಳ ಮುಖವನ್ನೇ ನೋಡುತ್ತಾ ಕೂತರು.

ಸಭೆಯ ಕಥೆ ಅಪ್ಪ ಅಮ್ಮಂದಿರ ಬಾಯಿಂದ ಹುಡುಗರಿಗೂ ಮುಟ್ಟಿತ್ತು. ಇವರಿಗೆ ಇದನ್ನು ಕಲಿಸಿದವಳು ನಾನೇ...

"ನಗಬೇಡಿ. ಅವತ್ತು ನಾನು ಮಾಡಿದ್ದು ನೀಚ ಕೆಲಸ," ಎಂದಳು. ಯಾರೂ ನಗಲಿಲ್ಲ. ಆದರೆ ಅಷ್ಟಕ್ಕೇ ಅವನೇನೂ ಕ್ಲಾಸಿಗೆ ವಾಪಸು ಬರಲಿಲ್ಲ.

ಮಧ್ಯಾಹ್ನ ಹಿಂದಿನ ರೂಮಿಗೆ ಹೋದಳು.

"ಬೇಕಂತಲೇ ಮಾಡ್ದೆ ಸರ್."

"ಗ... ಗೊತ್ತು. ಹ... ಹೋಗಿ."

ಹೋದಳು. ಮರುದಿನ ಮತ್ತೆ ಬಂದಳು. ಅವಳು ತಂದ ಟೀ ಆರಿ ಹೋಗುವವರೆಗೂ ಅವನು ಮುಟ್ಟಲಿಲ್ಲ. ಅವಳು ಎದುರು ಕೂತು ಅರ್ಧ ಕಟ್ಟು ಪತ್ರಿಕೆ ತಿದ್ದಿಕೊಟ್ಟರೆ, ಅವನು ಅಷ್ಟನ್ನೂ ಅವಳ ಎದುರೇ ಮತ್ತೆ ತಿದ್ದಿದ. ಅವಳು ಸಹಿಸಿದಳು. ತಪ್ಪಾದ ಪ್ರತಿ ಉತ್ತರದ ಪಕ್ಕದಲ್ಲೂ ಅದು ಯಾಕೆ ತಪ್ಪೆಂದು ಅವನು ಸಣ್ಣ ಅಕ್ಷರದಲ್ಲಿ, ತಾಳ್ಮೆಯಿಂದ ಬರೆಯುತ್ತಿದ್ದ. ದಿನ ಕಳೆದಂತೆ ಅವಳು ಬರುತ್ತಿದ್ದದ್ದು ಕ್ಷಮೆಗಾಗಿ ಅಲ್ಲ, ಆ ಅಕ್ಷರಗಳನ್ನು ಓದಲು.

ಅವನೂ ಈಗ ಅವಳಿಗೊಂದು ಕುರ್ಚಿ ಒರೆಸಿಟ್ಟು, ಟೀ ಬಿಸಿಯಿರುವಾಗಲೇ ಕುಡಿಯುತ್ತಿದ್ದ. ಒಂದು ಮಧ್ಯಾಹ್ನ ಅವನೇ ಬಾಯಿ ಬಿಟ್ಟ.

"ಗೋಡೆಯಾಚೆ ನ... ನಿಮ್ಮ ಪಾಠ ಕೇಳ್ತಿದ್ದೆ. ನೀರು ಹರಿದ ಹಾಗೆ ಮಾತಾಡ್ತಿದ್ರಿ. ಹ... ಹೊಟ್ಟೆ ಉರೀತಿತ್ತು. ಅವತ್ತು ನಿಮ್ಮ ತಪ್ಪು ಸಿಕ್ಕಾಗ... ಖ... ಖುಷಿಯಾಯ್ತು."

ಅಂದರೆ ಅವನೂ ಬೇಕೆಂದೇ ಮಾಡಿದ್ದು. ಅವಳಿಗೆ ಸಿಟ್ಟು ಬರಲಿಲ್ಲ. ಎದೆಯಿಂದ ಏನೋ ಇಳಿದಂತಾಯಿತು.

"ಕ್ಲಾಸಿಗೆ ಬನ್ನಿ ಸರ್."

"ಇಲ್ಲ. ಅದು ಮ... ಮುಗೀತು."

ಅದನ್ನು ಮುಗಿಸಿದವಳು ತಾನು. ಇನ್ನು ಎಷ್ಟು ಅತ್ತರೂ ಅದು ಮರಳದು. ಅವಳು ಎದ್ದಳು. "ನಾಳೆಯಿಂದ ಬರಲ್ಲ. ನನ್ನ ಮುಖ ನೋಡೋದೇ ನಿಮಗೆ ಹಿಂಸೆ."

"ಕ... ಕೂತ್ಕೊಳ್ಳಿ."

ಕೂತಳು. ಅವನ ಕುತ್ತಿಗೆಯ ನರ ಉಬ್ಬಿತು.

"ಮ... ಮದ... ಮ..."

ಅವಳಿಗೆ ಪದ ತಿಳಿದುಹೋಯಿತು. ಮುಗಿಸಿಕೊಡಬೇಕೆನ್ನಿಸಿ ತುದಿನಾಲಿಗೆಗೆ ಬಂದದ್ದನ್ನು ಕಚ್ಚಿ ಹಿಡಿದಳು. ಕಣ್ಣು ತುಂಬಿ ಬಂದರೂ ಅವನ ಮುಖದಿಂದ ನೋಟ ಕೀಳಲಿಲ್ಲ.

"...ಮದುವೆ ಆಗ್ತೀರಾ ನನ್ನನ್ನ?"

"ಆಗ್ತೀನಿ."

"ಜ... ಜಗಳ ಬಂದಾಗ ಅ... ಅಣಕಿಸ್ತೀರಾ?"

"ಇಲ್ಲ. ನೀವು ಬೈದು ಮುಗಿಸೋ ತನಕ ಸುಮ್ನೆ ಕೇಳಿಸ್ಕೋತೀನಿ."

"ತ... ತುಂಬ ಹೊತ್ತಾಗುತ್ತೆ."

"ಆಗ್ಲಿ."