ಹೆಲ್ಮೆಟ್ ಕಳಚಿದ ದಿನ

ಆಸ್ಪತ್ರೆಯ ಕೋಣೆಯಲ್ಲಿ ಪಾಪುವಿನ ತಲೆಯಿಂದ ಹೆಲ್ಮೆಟ್ ತೆಗೆದು, ಅದನ್ನು ಮಾಡಿಕೊಟ್ಟವನು ಅಳತೆ ಟೇಪು ಸುತ್ತಿದಾಗ ಅವಳು ಅಂಕಿ ನೋಡಲು ಬಗ್ಗಿದಳು. ತಲೆಬುರುಡೆಯ ಎಲುಬುಗಳು ಹೊತ್ತಿಗೆ ಮುಂಚೆಯೇ ಬೆಸೆದುಕೊಂಡು ತಲೆ ಹಿಂದಕ್ಕೆ ಉದ್ದವಾಗಿ ಬೆಳೆದಿತ್ತು. ಮೂರನೇ ತಿಂಗಳಲ್ಲಿ ಆಪರೇಷನ್, ಆಮೇಲೆ ತಲೆ ದುಂಡಗಾಗಲೆಂದು ಈ ಹೆಲ್ಮೆಟ್. ಇವತ್ತು ಅಳತೆ ಸರಿ ಬಂದರೆ ಎಲ್ಲ ಮುಗಿಯಿತು. ಬಾರದಿದ್ದರೆ ಇನ್ನೊಂದು ಆಪರೇಷನ್.

ಮುಗಿಯಲಿ ಎಂದೇ ಅವಳ ಆಸೆ. ಮುಗಿದರೆ ಇಲ್ಲಿಗೆ ಬರಲು ನೆಪವಿರುವುದಿಲ್ಲ ಎಂಬ ಸಂಕಟ ಬೇರೆ.

ತಪ್ಪು ಅವಳದೇ. ಈ ಕೋಣೆಯಲ್ಲಿ ಮಗು ಎತ್ತಿಕೊಂಡು ಬಂದವರೆಲ್ಲ 'ಪಾಪು ಅಮ್ಮ'. ಹೆಲ್ಮೆಟ್ ಮಾಡುವ ಈ ಪುಣ್ಯಾತ್ಮ ಮೊದಲ ದಿನ ಹಾಗೆ ಕರೆದಾಗ, ಅಳುವ ಮಗುವನ್ನು ಸಮಾಧಾನ ಮಾಡುವ ಗಡಿಬಿಡಿಯಲ್ಲಿ ಅವಳು ತಿದ್ದಲಿಲ್ಲ. ಎರಡನೇ ಸಲ ಬರುವಷ್ಟರಲ್ಲಿ ಮನಸ್ಸು ಅವನತ್ತ ಜಾರಿತ್ತು. ಏಳು ತಿಂಗಳಾದ ಮೇಲೆ ಹೇಳುವುದಾದರೂ ಹೇಗೆ? ಅವನೋ, ಇವಳು ಇನ್ನೊಬ್ಬರ ಹೆಂಡತಿಯೆಂದುಕೊಂಡು ಮಾತೆಲ್ಲ ಮಗುವಿನ ಜೊತೆಗೇ ಆಡುತ್ತಿದ್ದ. "ನಿಮ್ಮಮ್ಮ ಊಟ ಮಾಡಿದ್ರಾ ಕೇಳು ಪುಟ್ಟ" ಎನ್ನುವಾಗ ಕಿವಿ ಕೆಂಪಾಗುತ್ತಿದ್ದುದು ಅವನದೇ.

ಅವನು ಮತ್ತೊಮ್ಮೆ ಅಳೆದು ಚೀಟಿಯಲ್ಲಿ ಬರೆದುಕೊಂಡ.

"ಪುಟ್ಟ, ನಿಮ್ಮಮ್ಮಂಗೆ ಹೇಳು. ಅಳತೆ ಸರಿಯಾಗಿದೆ. ಡಾಕ್ಟರೂ ಸ್ಕ್ಯಾನ್ ನೋಡಿದ್ರು, ಇನ್ನೊಂದು ಆಪರೇಷನ್ ಬೇಡವಂತೆ. ಹೆಲ್ಮೆಟ್ಟೂ ಬೇಡ."

ಅವಳು ಮಗುವಿನ ಬೆವರಿದ ನೆತ್ತಿಗೆ ಮುಖ ಒತ್ತಿ ಅತ್ತೇಬಿಟ್ಟಳು. ಏಳು ತಿಂಗಳ ಭಾರ ಇಳಿದು ಎದೆ ಹಗುರಾಯಿತು. ಅವನ ಕಣ್ಣೂ ಒದ್ದೆ. ಟಿಶ್ಯೂ ಡಬ್ಬಿಯನ್ನು ಅವಳತ್ತ ನೂಕಿ, "ಇನ್ಮೇಲೆ ಇವನು ಬರಲ್ವಲ್ಲ" ಎಂದ, ಸಣ್ಣ ದನಿಯಲ್ಲಿ.

ಇವತ್ತು ಹೇಳದಿದ್ದರೆ ಇನ್ನೆಂದಿಗೂ ಇಲ್ಲ.

"ನಾನು ಇವನ ಅಮ್ಮ ಅಲ್ಲ," ಎಂದಳು. "ಚಿಕ್ಕಮ್ಮ. ಅಕ್ಕಂಗೆ ಹೆಲ್ಮೆಟ್ ತೆಗೆದಾಗ ಆ ಆಪರೇಷನ್ ಹೊಲಿಗೆ ಗುರುತು ನೋಡಿದ್ರೆ ತಲೆ ಸುತ್ತು ಬರುತ್ತೆ. ಅದಕ್ಕೇ ಹೊರಗೆ ಕಾರಲ್ಲೇ ಕೂತಿರ್ತಾಳೆ."

ಅವನು ಸ್ಟೂಲು ಎಳೆದುಕೊಂಡು ಅವಳೆದುರು ಕೂತ.

"ಹಾಗಾದ್ರೆ ನಿಮ್ಮ ಯಜಮಾನರು?"

"ಇನ್ನೂ ಸಿಕ್ಕಿಲ್ಲ."

"ಏಳು ತಿಂಗಳು ನನ್ನನ್ನ ನಾನೇ ಬೈಕೊಂಡಿದ್ದೆಲ್ಲ ದಂಡ ಆಯ್ತಲ್ರೀ."

"ಯಾಕೆ ಬೈಕೊಂಡ್ರಿ?"

"ನೀವು ಬರೋ ದಿನ ಮಾತ್ರ ಇಸ್ತ್ರಿ ಶರ್ಟ್ ಹಾಕ್ಕೊಂಡು ಬರ್ತಿದ್ನಲ್ಲ, ಅದಕ್ಕೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಒಳಗೇ ಬಚ್ಚಿಟ್ಟಿದ್ದ ಪ್ರೀತಿಯನ್ನು ಇನ್ನು ಬಚ್ಚಿಡಬೇಕಿರಲಿಲ್ಲ. ಮಗುವನ್ನೆತ್ತಿ ಅವನ ತೋಳಿಗೆ ಕೊಟ್ಟಳು.

"ಅಕ್ಕ ಕಾಯ್ತಿದ್ದಾಳೆ. ಬನ್ನಿ, ನೀವೇ ಹೇಳಿ."

"ಏನಂತ ಹೇಳ್ಲಿ?"

"ಮೊದಲು ಮಗು ತಲೆ ವಿಷಯ. ಪಾಪ, ಜೀವ ಕೈಲಿ ಹಿಡ್ಕೊಂಡು ಕೂತಿದ್ದಾಳೆ. ನಮ್ಮ ವಿಷಯ ಆಮೇಲೆ ನಾನು ಹೇಳ್ತೀನಿ."