ಪೆನ್ಯಾ ಗುಡ್ಡದಿಂದ ಬಿದ್ದ ಮುದುಕಿ

ಹೆಣ ಮೊದಲು ಕಂಡಿದ್ದು ಮದುವೆ ಫೋಟೊ ತೆಗೆಯುವವನೊಬ್ಬನಿಗೆ. ಮಕಾವ್‌ನ ಪೆನ್ಯಾ ಗುಡ್ಡದ ಇಗರ್ಜಿಯ ಕೆಳಗಿನ ತಿರುವಿನಲ್ಲಿ ಮದುಮಗಳ ಬಿಳಿ ಲಂಗ ಹರಡಿಸಿ, ಹಿಂದೆ ಸಮುದ್ರ ಬರುವಂತೆ ನಿಲ್ಲಿಸಿ, ಅವನು ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದ. ಮೇಲಿನಿಂದ ಏನೋ ಬಿತ್ತು. ಯಾರೋ ಬಟ್ಟೆಯ ಗಂಟು ಎಸೆದರೆಂದುಕೊಂಡು ಬೈಯಲು ತಿರುಗಿದ. ಗಂಟಿಗೆ ಕಾಲುಗಳಿದ್ದವು.

ಮಧ್ಯಾಹ್ನ ಎರಡೂ ಮುಕ್ಕಾಲು.

ನಾನು ತಲುಪಿದಾಗ ಮದುಮಗಳು ಅಳುತ್ತಿದ್ದಳು. "ಈ ಕಲೆ ಹೋಗುತ್ತಾ ಸಾರ್? ಬಾಡಿಗೆ ಲಂಗ ಇದು," ಎಂದು ನನ್ನನ್ನೇ ಕೇಳಿದಳು.

ಸತ್ತವಳಿಗೆ ಎಪ್ಪತ್ತರ ಮೇಲೆ ವಯಸ್ಸು. ಮೈಯೆಲ್ಲ ಮುರಿದಿತ್ತು; ತುರುಬು ಮಾತ್ರ ಒಂದು ಕೂದಲೂ ಕದಲದೆ ಹಾಗೇ ಇತ್ತು. ಬಟ್ಟೆ ಹೊದಿಸಲು ತಲೆ ಎತ್ತಿದಾಗ, ತುರುಬಿನ ಕೆಳಗೆ ಕುತ್ತಿಗೆಯ ಮೇಲೆ ಒಂದು ಪ್ಲಾಸ್ಟರಿನ ಅಂಚು ಕಂಡಿತು. ಕಂಡಿತು, ನಾನು ಏನೂ ಯೋಚಿಸಲಿಲ್ಲ. ಹಾಂಗ್‌ಕಾಂಗಿನಿಂದ ಬರುವ ಫೆರಿಯಲ್ಲಿ ಅರ್ಧ ಜನ ವಾಂತಿ ಬಾರದಿರಲೆಂದು ಕಿವಿಯ ಹಿಂದೆ ಪ್ಲಾಸ್ಟರ್ ಅಂಟಿಸಿಕೊಂಡೇ ಇಳಿಯುತ್ತಾರೆ. ಮಕಾವ್ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ಕಳೆದ ಅನ್ಸೆಲ್ಮೊ ರೊಸಾರಿಯೊ ಎಂಬ ಈ ಸಾರ್ಜೆಂಟಿಗೆ ಅದು ಕಂಡೂ ಕಾಣದ ವಸ್ತು.

ಮೇಲೆ, ಇಗರ್ಜಿಯ ಅಂಗಳದಲ್ಲಿ, ಮುದುಕಿಯ ಮನೆಯವರು ನಾಲ್ವರಿದ್ದರು. ಮಗ ಫುಕ್-ಷಿಂಗ್, ಲಿಫ್ಟ್ ರಿಪೇರಿ ಮಾಡುವವನು. ಅವನ ಹೆಂಡತಿ ಮೇ-ಫಾಂಗ್, ಕೈಯಲ್ಲಿ ಫೋನು. ಅವರ ಒಂಬತ್ತು ವರ್ಷದ ಮಗಳು ಹೋ-ಯೀ. ಮತ್ತೆ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು, ಮುದುಕಿಯ ಮಗಳು ಶುಯ್-ಕಿಯು. ನಲವತ್ತೇಳು ವರ್ಷ, ಮದುವೆಯಾಗಿಲ್ಲ, ಔಷಧಿ ಅಂಗಡಿಯಲ್ಲಿ ಕೆಲಸ, ತಾಯಿಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

"ಅಮ್ಮನಿಗೆ ತಲೆ ಕೆಟ್ಟಿತ್ತು ಸಾರ್," ಎಂದ ಫುಕ್-ಷಿಂಗ್. "ಗೋಡೆ ಹತ್ತಿ ಹಾರಿಬಿಟ್ರು."

"ಯಾರು ನೋಡಿದ್ರಿ?"

ಮೇ-ಫಾಂಗ್ ಮಗಳನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು.

"ನೀವೆಲ್ಲಿದ್ರಿ?" ಎಂದು ಫುಕ್-ಷಿಂಗನನ್ನು ಕೇಳಿದೆ.

"ಆ ಕಡೆ. ಕ್ಯಾಸಿನೊ ಕಟ್ಟಡ ನೋಡ್ತಿದ್ದೆ. ಫೆರಿ ಹೊರಡೋದ್ರೊಳಗೆ ಅರ್ಧ ಗಂಟೆ ಆಡೋಕೆ ಟೈಮ್ ಸಿಗುತ್ತಾ ಅಂತ—"

"ನೀವಮ್ಮ?"

"ನೀರು ತರೋಕೆ ಹೋಗಿದ್ದೆ," ಎಂದಳು ಶುಯ್-ಕಿಯು. "ಬೆಳಿಗ್ಗೆಯಿಂದ ಬಾಯಾರಿಕೆ ಬಾಯಾರಿಕೆ ಅಂತಿದ್ರು."

ಮೇ-ಫಾಂಗಳ ಫೋನನ್ನು ನಾನೇ ಕೇಳಿ ತೆಗೆದುಕೊಂಡೆ. ಹನ್ನೊಂದು ವಿಡಿಯೊಗಳಿದ್ದವು. ಹೋಟೆಲಿನಲ್ಲಿ ಮುದುಕಿ ಗಾಳಿಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಬಟ್ಟಲಿಗೆ ಹಾಕುತ್ತಿದ್ದಾಳೆ. ಖಾಲಿ ಕುರ್ಚಿಗೆ ಚಹಾ ಬಗ್ಗಿಸಿ, "ಕುಡೀರಿ, ಆರುತ್ತೆ," ಎಂದು ಸತ್ತ ಗಂಡನಿಗೆ ಹೇಳುತ್ತಿದ್ದಾಳೆ. ಹಿಂದೆ ಕಿಸಿಕಿಸಿ ನಗು. ಮೇ-ಫಾಂಗಳ ದನಿ: "ಮಾವನಿಗೆ ಒಂದು ಮೊಟ್ಟೆ ಟಾರ್ಟೂ ಕೊಡಿ ಅತ್ತೆ! ಹಸಿದಿರ್ತಾರೆ!" ಪರಿಚಾರಕರೂ ನಗುತ್ತಿದ್ದರು. ನಗದೆ ಕೂತವಳು ಶುಯ್-ಕಿಯು ಒಬ್ಬಳೇ.

ಕೊನೆಯ ವಿಡಿಯೊ ಗೋಡೆಯ ಹತ್ತಿರದ್ದು. ಬೀಳುವುದಕ್ಕೆ ಮೂರು ನಿಮಿಷ ಮೊದಲು ನಿಂತಿತ್ತು.

"ಯಾಕೆ ನಿಲ್ಲಿಸಿದ್ರಿ?"

"ಅಯ್ಯೋ, ಎಷ್ಟು ಅಂತ ತೆಗೀಲಿ? ನಮ್ಮ ಅಕ್ಕಂದಿರಿಗೆ ಕಳಿಸ್ತಿದ್ದೆ."

ಮುದುಕಿ ತಳ್ಳಿಸಿಕೊಂಡೇ ಬಿದ್ದಿದ್ದಾಳೆ, ತಳ್ಳಿದವಳು ಇವಳೇ ಎಂದು ನಾನು ಅಲ್ಲೇ ನಿರ್ಧರಿಸಿಬಿಟ್ಟೆ.

ನಮ್ಮ ಇನ್‌ಸ್ಪೆಕ್ಟರ್ ಕುವಾನ್ ಯೊಕ್-ಪೆಂಗ್ ಗುಡ್ಡ ಹತ್ತಿ ಬಂದಾಗ ಮೂರೂವರೆ. ಗಿಡ್ಡ ಹೆಂಗಸು, ಮಂಡಿನೋವು, ಸಿಡುಕು. ನಾನು ಕೊಟ್ಟ ಫೋನಿನ ವಿಡಿಯೊಗಳನ್ನು ನೋಡಿ, ಎಲ್ಲರನ್ನೂ ಬಿಟ್ಟು ಹುಡುಗಿಯ ಪಕ್ಕ ಹೋಗಿ ಕೂತಳು.

"ಫೆರೀಲಿ ಯಾರ್ಯಾರು ವಾಂತಿ ಮಾಡಿದ್ರಿ?"

"ಅಪ್ಪ ಎರಡು ಸಲ," ಎಂದಳು ಹೋ-ಯೀ. "ಅಮ್ಮ ಎಲ್ಲರಿಗೂ ಪ್ಲಾಸ್ಟರ್ ಹಚ್ಚಿದ್ರು. ಶುಂಠಿ ಪ್ಲಾಸ್ಟರು. ನಾತ."

ಹುಡುಗಿ ಕಿವಿ ಬಗ್ಗಿಸಿ ತೋರಿಸಿದಳು. ಚೌಕದ ಕಂದು ಪ್ಲಾಸ್ಟರ್. ಎರಡು ಮಾರು ದೂರಕ್ಕೂ ಶುಂಠಿಯ ಘಾಟು.

"ಅಜ್ಜಿಗೂ ಹಚ್ಚಿದ್ರಾ?"

"ಅಜ್ಜಿ ಬಯ್ದ್ರು. 'ಎಲ್ಲಾ ನೆಲದ ಹುಳಗಳಾಗ್ಬಿಟ್ರಿ' ಅಂತ ನಕ್ರು."

"ಅಮ್ಮ ಹುಟ್ಟಿದ್ದೇ ದೋಣೀಲಿ," ಎಂದ ಫುಕ್-ಷಿಂಗ್. "ಹಾಂಗ್‌ಕಾಂಗಿನ ಅಬರ್ಡೀನ್ ಬಂದರಿನ ದೋಣಿ ಜನ ನಾವು. ಬಿರುಗಾಳೀಲೂ ಒಲೆ ಹಚ್ಚಿ ಅನ್ನ ಮಾಡ್ತಿದ್ದೋರು ಅವರು."

ಯೊಕ್-ಪೆಂಗ್ ಅವನ ಕಡೆ ತಿರುಗಿದಳು. "ತಲೆ ಕೆಟ್ಟು ಎಷ್ಟು ದಿನ ಆಗಿತ್ತು?"

"ನಾನು ನೋಡಿದ್ದು ಇವತ್ತೇ. ಬೆಳಿಗ್ಗೆ ಫೆರೀಲಿ ಸರಿಯಾಗೇ ಇದ್ರು—"

"ಆರು ತಿಂಗಳಾಯ್ತು," ಎಂದಳು ಶುಯ್-ಕಿಯು, ಬೆಂಚಿನಿಂದಲೇ. "ನಿಂಗೆ ಹೇಗೆ ಗೊತ್ತಾಗ್ಬೇಕು? ನೀನು ಬರೋದು ವರ್ಷಕ್ಕೊಂದು ದಿನ, ಅವರ ಹುಟ್ಟುಹಬ್ಬಕ್ಕೆ."

"ಇವತ್ತು ಮಕಾವ್‌ಗೆ ಬರೋಣ ಅಂದಿದ್ದು ಯಾರು?"

"ನಾನು. ಅಮ್ಮ ಸಮುದ್ರ ನೋಡಿ ಬಹಳ ದಿನ ಆಗಿತ್ತು."

ಯೊಕ್-ಪೆಂಗ್ ನನ್ನನ್ನು ಪಕ್ಕಕ್ಕೆ ಕರೆದಳು. "ಸೆಲ್ಮೊ, ಹೆಣದ ತಲೆ ನೀನು ಎತ್ತಿದ್ಯಲ್ಲ. ಶುಂಠಿ ವಾಸನೆ ಬಂತಾ?"

"ಇಲ್ಲ. ಆದ್ರೆ ಪ್ಲಾಸ್ಟರ್ ಇತ್ತು. ತುರುಬಿನ ಕೆಳಗೆ."

"ಅದನ್ನ ಈಗ ಹೇಳ್ತಿದ್ದೀಯಾ?"

ಅವಳು ಫೋನು ತೆಗೆದು ಶವಾಗಾರದ ವೈದ್ಯನ ಜೊತೆ ಎರಡು ಮಾತಾಡಿದಳು. ಆಮೇಲೆ ಹಾಂಗ್‌ಕಾಂಗಿನಲ್ಲಿ ಮುದುಕಿಯನ್ನು ನೋಡುತ್ತಿದ್ದ ಡಾಕ್ಟರನ್ನು ಹಿಡಿದಳು.

ಐದು ಗಂಟೆಗೆ ಎಲ್ಲರನ್ನೂ ಶವಾಗಾರದ ಹೊರಗಿನ ಕೋಣೆಯಲ್ಲಿ ಕೂರಿಸಿದೆವು. ಫುಕ್-ಷಿಂಗ್ ಗೋಡೆ ನೋಡುತ್ತ ಕೂತ. ಮೇ-ಫಾಂಗಳಿಗೆ ಹಸಿವು, ಚೀಲದಿಂದ ಬಾದಾಮಿ ಬಿಸ್ಕತ್ತಿನ ಡಬ್ಬ ತೆಗೆದು ತಿನ್ನತೊಡಗಿದಳು.

ಯೊಕ್-ಪೆಂಗ್ ಬಾಗಿಲಲ್ಲಿ ನಿಂತು ಎಂದಳು: "ಅಜ್ಜಿ ತಲೆಗೆ ಪೆಟ್ಟಾಗಿದೆ. ಡಾಕ್ಟರ್ ತುರುಬು ಬಿಚ್ಚಬೇಕು ಅಂತಾರೆ. ಗೊತ್ತಿಲ್ಲದ ಗಂಡಸು ಬಿಚ್ಚೋದು ಬೇಡ. ಸೊಸೆ ಬರ್ತೀರಾ?"

"ಅಮ್ಮಮ್ಮಾ! ನಾನು ಅವರ ಕೂದಲು ಒಂದಿನಾನೂ ಮುಟ್ಟಿಲ್ಲ. ಬದುಕಿದ್ದಾಗ್ಲೇ ಮುಟ್ಟಿಸ್ಕೊಳ್ತಿರ್ಲಿಲ್ಲ."

"ಮತ್ತೆ ಯಾರು ಕಟ್ತಿದ್ರು?"

"ನಾನು," ಎಂದು ಶುಯ್-ಕಿಯು ಎದ್ದಳು. "ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ನಾನೇ. ನಾನೇ ಬಿಚ್ತೀನಿ. ನನ್ನೊಬ್ಳನ್ನೇ ಒಳಗೆ ಬಿಡಿ, ದಯವಿಟ್ಟು."

ಯೊಕ್-ಪೆಂಗ್ ಒಪ್ಪಿದಳು. ನನಗೆ ಆಶ್ಚರ್ಯವಾಯಿತು, ಹೆಣದ ಹತ್ತಿರ ಯಾರನ್ನೂ ಒಂಟಿಯಾಗಿ ಬಿಡುವವಳಲ್ಲ ಅವಳು. ಹತ್ತು ನಿಮಿಷದ ನಂತರ ಶುಯ್-ಕಿಯು ಹೊರಬಂದಳು. ಕಣ್ಣು ಒಣಗಿತ್ತು. ಬಲಗೈ ಕೋಟಿನ ಜೇಬಿನಲ್ಲಿತ್ತು.

"ಕೈ ತೆಗೀರಿ," ಎಂದಳು ಯೊಕ್-ಪೆಂಗ್.

"ಏನು?"

"ಕೈ. ಹೊರಗೆ ತೆಗೀರಿ. ಬಿಚ್ಚಿ."

ಶುಯ್-ಕಿಯು ಅಲ್ಲಾಡಲಿಲ್ಲ. ನಾನೇ ಮಣಿಕಟ್ಟು ಹಿಡಿದು ಎಳೆದೆ. ಅಂಗೈಯಲ್ಲಿ ಮುದುರಿದ ಮೂರು ಪ್ಲಾಸ್ಟರುಗಳು—ದುಂಡಗೆ, ಚರ್ಮದ ಬಣ್ಣ, ಉಗುರಿನಷ್ಟೇ ಅಗಲ. ಒಂದಕ್ಕೆ ಇನ್ನೂ ಎರಡು ಬಿಳಿ ಕೂದಲು ಅಂಟಿದ್ದವು.

"ಫೋಟೊ ಮೊದಲೇ ತೆಗೆಸಿದ್ದೀನಿ," ಎಂದಳು ಯೊಕ್-ಪೆಂಗ್. "ಅವು ಅಲ್ಲಿವೆ ಅನ್ನೋದು ಇಲ್ಲಿ ಯಾರಿಗೆ ಗೊತ್ತಿದೆ ಅಂತ ನೋಡ್ಬೇಕಿತ್ತು, ಅಷ್ಟೆ. ನೀವು ಔಷಧಿ ಅಂಗಡೀಲಿ ಕೆಲಸ ಮಾಡ್ತೀರಿ, ಅಲ್ವಾ?"

"ಅದೇನು?" ಎಂದ ಫುಕ್-ಷಿಂಗ್. "ಯಾರಾದ್ರೂ ಹೇಳ್ರಿ, ಏನದು?"

"ಹಡಗಿನ ವಾಂತಿ ಪ್ಲಾಸ್ಟರೇ. ನಿಮ್ಮ ಹೆಂಡತಿ ಹಚ್ಚಿದ ಶುಂಠಿದಲ್ಲ, ಔಷಧಿ ತುಂಬಿದ್ದು. ಗಟ್ಟಿಮುಟ್ಟಾದವರಿಗೆ ಒಂದು ಹಚ್ಚಿದ್ರೆ ಬಾಯಿ ಒಣಗುತ್ತೆ, ಕಣ್ಣು ಮಂಜಾಗುತ್ತೆ. ವಯಸ್ಸಾದವರಿಗೆ ಒಂದೇ ಜಾಸ್ತಿ. ಮೂರು ಹಚ್ಚಿದ್ರೆ ನಾಲ್ಕೈದು ಗಂಟೇಲಿ ಇಲ್ಲದವರೆಲ್ಲ ಕಾಣ್ತಾರೆ. ಸತ್ತ ಗಂಡ ಕಾಣ್ತಾನೆ. ಗಾಳೀಲಿ ಹುಳ ಕಾಣುತ್ತೆ, ಹೆಕ್ಕಬೇಕು ಅನ್ಸುತ್ತೆ."

ನನ್ನ ಕಡೆ ತಿರುಗಿದಳು. "ಫೆರಿಯಿಂದ ಇಳಿದವರ ಕುತ್ತಿಗೇಲಿ ಪ್ಲಾಸ್ಟರ್ ಇದ್ರೆ ಯಾರೂ ನೋಡಲ್ಲ. ನೀನೂ ನೋಡ್ಲಿಲ್ಲ. ಆದ್ರೆ ದೋಣೀಲಿ ಹುಟ್ಟಿ ಬಿರುಗಾಳೀಲಿ ಅನ್ನ ಮಾಡಿದ ಹೆಂಗಸಿಗೆ ವಾಂತಿ ಪ್ಲಾಸ್ಟರ್ ಯಾಕೆ? ಸೊಸೆ ಕೊಟ್ಟಿದ್ದಕ್ಕೆ ಬೈದ್ಲು. ಮತ್ತೆ ತುರುಬಿನ ಕೆಳಗೆ ಹೋಗಿದ್ದು ಹೇಗೆ? ಬೆಳಿಗ್ಗೆ ತುರುಬು ಕಟ್ಟೋ ಮುಂಚೆ ಹೋಯ್ತು. ಕಟ್ಟಿದ ಕೈಯೇ ಹಚ್ತು."

ಶುಯ್-ಕಿಯು ಕುರ್ಚಿಯಲ್ಲಿ ಕುಸಿದಳು.

"ಕುತ್ತಿಗೆ ನೋವಿಗೆ ಅಂತ ಹೇಳ್ದೆ," ಎಂದಳು. "ಒಳ್ಳೇದಾಯ್ತು ಮಗಳೇ, ತಣ್ಣಗಿದೆ ಅಂದ್ರು. ಅಮ್ಮ ನಂಗೆ ಒಳ್ಳೆ ಮಾತು ಆಡಿದ್ದು ಅದೆಷ್ಟು ವರ್ಷದ ಮೇಲೋ."

"ಕೊಲ್ಲೋಕಾ?" ಫುಕ್-ಷಿಂಗ್ ಎದ್ದು ನಿಂತಿದ್ದ. "ಅಮ್ಮನ್ನ ಕೊಲ್ಲೋಕಾ, ಕಿಯು?"

"ನಿಂಗೆ ತೋರ್ಸೋಕೆ!" ಅವಳು ಕಿರುಚಿದಳು. "ವೃದ್ಧಾಶ್ರಮಕ್ಕೆ ಸೇರ್ಸೋಣ ಅಂತ ಎಷ್ಟು ಸಲ ನಿನ್ನ ಕಾಲು ಹಿಡ್ದೆ? 'ಅಮ್ಮನಿಗೇನಾಗಿದೆ, ಗಟ್ಟಿ ಇದ್ದಾರೆ, ನೀನೇ ಇದ್ಯಲ್ಲ' ಅಂದೆ. ಡಾಕ್ಟರ್ ಎರಡು ಸಲ ಪರೀಕ್ಷೆ ಮಾಡಿ, ನನ್ನ ತಲೆಗಿಂತ ಇವರ ತಲೆ ಚೆನ್ನಾಗಿದೆ ಅಂತ ನಕ್ಕ. ಹೌದು, ಚೆನ್ನಾಗಿತ್ತು! ನನ್ನ ಕೇಳ್ಕೊಂಡು ಬಂದವನ ಮುಖಕ್ಕೆ ಮೀನು ತೊಳೆದ ನೀರು ಎರಚೋವಷ್ಟು ಚೆನ್ನಾಗಿತ್ತು. 'ಈ ಮುಖಕ್ಕೆ ಗಂಡ ಬೇರೆ' ಅಂತ ಅಂಗಡಿ ಮುಂದೆ ನಿಂತು ಹೇಳೋವಷ್ಟು. ಒಂದು ದಿನ... ನೀನು ಬರೋ ಆ ಒಂದು ದಿನ ಅವರಿಗೆ ತಲೆ ಕೆಡ್ಲಿ ಅಂತ. ನೀನು ನೋಡ್ಲಿ, ಕಾಗದಕ್ಕೆ ಸಹಿ ಹಾಕ್ಲಿ ಅಂತ."

"ಒಂದು ಸಾಕಿತ್ತಲ್ಲ," ಎಂದಳು ಯೊಕ್-ಪೆಂಗ್. "ಮೂರು ಯಾಕೆ?"

ಆ ಪ್ರಶ್ನೆಯ ಮುಂದಿನ ಜಾಗವನ್ನು ನಾನು ನನ್ನ ವರದಿಯಲ್ಲಿ ಖಾಲಿ ಬಿಟ್ಟೆ.

ಕೈಗೆ ಕೋಳ ಹಾಕುತ್ತಿದ್ದಾಗ ಮೂಲೆಯಿಂದ ಹೋ-ಯೀ ಎಂದಳು: "ಅತ್ತೆ, ಅಜ್ಜಿ ನಿಮ್ಮನ್ನೇ ಕೂಗಿದ್ರು."

"ಬಾಯ್ಮುಚ್ಚೇ!" ಎಂದಳು ಮೇ-ಫಾಂಗ್. "ನೀನು ಏನೂ ನೋಡಿಲ್ಲ ಅಂತ ಹೇಳಿಲ್ವಾ?"

"ಹೇಳ್ಲಿ," ಎಂದಳು ಯೊಕ್-ಪೆಂಗ್.

"ಗೋಡೆ ಹತ್ರ ನಾವಿಬ್ರೇ ಇದ್ವಿ. ಅಜ್ಜಿ ಕೆಳಗೆ ನೋಡಿ 'ಕಿಯು ನೀರಿಗೆ ಬಿದ್ಲು, ಕಿಯು ನೀರಿಗೆ ಬಿದ್ಲು' ಅಂತ ಕೂಗಿದ್ರು. ನೀರೇ ಇರ್ಲಿಲ್ಲ, ರಸ್ತೆ ಇತ್ತು. ಚಪ್ಪಲಿ ಬಿಟ್ರು. ನಂಗೆ 'ಹಗ್ಗ ಗಟ್ಟಿಯಾಗಿ ಹಿಡ್ಕೊ, ಬಿಡಬೇಡ' ಅಂದ್ರು. ನಾನು ಆಟ ಅಂದ್ಕೊಂಡೆ. ಬರೀ ಗಾಳೀನ ಹಿಡ್ಕೊಂಡೆ. ಹಾರಿದ್ರು."



"ಕಿಯುಗೆ ಆಗ ನಾಲ್ಕು ವರ್ಷ," ಎಂದ ಫುಕ್-ಷಿಂಗ್, ಯಾರಿಗೆಂದಿಲ್ಲದೆ. "ದೋಣಿಯಿಂದ ಬಿದ್ಲು. ಅಮ್ಮ ಎರಡು ಸಲ ಮುಳುಗಿ ಎತ್ಕೊಂಡು ಬಂದ್ರು. ಹಗ್ಗ ಹಿಡ್ಕೊಂಡಿದ್ದು ನಾನು."

ಶುಯ್-ಕಿಯು ಬಾಯಿ ತೆರೆದಳು. ಕೋಳದ ಕೈಗಳಿಂದ ಬಾಯಿಯನ್ನು ಮುಚ್ಚಿಕೊಂಡಳು. ನಾವು ಕರೆದೊಯ್ಯುವಾಗ ದಾರಿಯುದ್ದಕ್ಕೂ ಹಾಗೇ ಮುಚ್ಚಿಕೊಂಡಿದ್ದಳು.

ಉಳಿದ ಮೂವರನ್ನು ಏಳು ಗಂಟೆಯ ಫೆರಿಗೆ ಬಿಡಲು ನಾನೇ ಹೋದೆ. ಹೋ-ಯೀ ಅಪ್ಪನ ಪಕ್ಕದಲ್ಲಿ ನಿದ್ದೆಗಣ್ಣಾಗಿ ನಿಂತಿದ್ದಳು. ಅವನು ಅವಳ ಕೈ ಹಿಡಿಯಲು ಹೋಗಿ, ಬಿಟ್ಟ. ಮೇ-ಫಾಂಗ್ ಚೀಲದಲ್ಲಿ ತಡಕಾಡಿ ಐದು ಟಿಕೆಟ್ ತೆಗೆದು, ಎರಡನ್ನು ಬೇರೆ ಮಾಡಿ, ನನ್ನ ಹತ್ತಿರ ಬಂದಳು.

"ಸಾರ್, ಇವೆರಡು ವಾಪಸ್ ತಗೋತಾರಾ?"

ಕೌಂಟರ್ ತೋರಿಸಿದೆ. ಸಾಲು ಉದ್ದವಿತ್ತು. ಹೋಗಿ ನಿಂತಳು.